ಜಗಲಿ ಮೇಲಿನ ಪಂಪು

ಹೊಳಿಯಮ್ಮ ಕರೆದರೆ ಶಾಲೆಗೆ ಊಟದ ಗಂಟೆ ಬೇಕಾಗಿರಲಿಲ್ಲ. ಬಿಸಿಯೂಟದ ಕೋಣೆಯ ಬಾಗಿಲಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಉಣ್ಣಾಕ ಬರ್ರ್ಯೋ!" ಎಂದು ಒಂದು ಕೂಗು ಹಾಕಿದಳೆಂದರೆ ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ತಾಟುಗಳ ಸದ್ದು ಶುರುವಾಗುತ್ತಿತ್ತು. ಆ ಕೂಗು ಶಾಲೆಯ ಗೋಡೆಗೆ ನಿಲ್ಲುತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ಕಳೆ ಕೀಳುವವರು ಅದನ್ನು ಕೇಳಿ ಬುತ್ತಿ ಬಿಚ್ಚುತ್ತಿದ್ದರು. ಕಾಲುವೆಯ ನೀರುಗಂಟಿಯಾಗಿದ್ದ ಅವಳ ಗಂಡ ಹುಲಿಗೆಪ್ಪ ತೂಬಿನ ಹತ್ತಿರದಿಂದ ಎದ್ದು ಮನೆಯ ದಾರಿ ಹಿಡಿಯುತ್ತಿದ್ದ. ಗಂಗಾವತಿಯಿಂದ ನವಲಿಗೆ ಹೋಗುವ ದಾರಿಯ ಆ ಊರಿನಲ್ಲಿ ಹತ್ತೊಂಬತ್ತು ವರ್ಷ ಮಧ್ಯಾಹ್ನವಾಗುತ್ತಿದ್ದುದು ಹೀಗೆ.

ಈ ವರ್ಷ ಶ್ರಾವಣದಲ್ಲಿ ಕೂಗು ನಿಂತಿತು. ಬಾಯಿ ತೆರೆದರೆ ಮಾತಿಗಿಂತ ಮೊದಲು ಕೆಮ್ಮು ಬರುತ್ತಿತ್ತು. ಹೊಳಿಯಮ್ಮ ಸೌಟಿನಿಂದ ತಾಟು ಬಡಿಯತೊಡಗಿದಳು. ಮಕ್ಕಳು ಅದಕ್ಕೂ ಓಡಿಬಂದರು, ಹಸಿವಿಗೆ ಕೂಗಾದರೇನು ತಾಟಾದರೇನು. ಆದರೆ ದೊಡ್ಡವರು ಸುಮ್ಮನಿರುತ್ತಾರೆಯೇ? ಅಡುಗೆ ಮಾಡುವಾಕೆ ಸಾರಿನ ಪಾತ್ರೆಯ ಮೇಲೆ ಬಗ್ಗಿ ಕೆಮ್ಮುತ್ತಾಳೆ ಎಂಬ ಮಾತು ನೀರಿನ ಟಾಕಿಯ ಹತ್ತಿರ ಹುಟ್ಟಿ, ಎರಡು ದಿನದಲ್ಲಿ ಹೆಡ್ ಮಾಸ್ತರ ಮೇಜಿಗೆ ಬಂತು.

ಹೆಡ್ ಮಾಸ್ತರ್ ವಿರುಪಾಕ್ಷಿ ಮೃದು ಮನುಷ್ಯ. ಶಾಲಾ ಸಮಿತಿಯ ಅಧ್ಯಕ್ಷ ಹಾಲೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೊಳಿಯಮ್ಮನನ್ನು ಕರೆಸಿದರು.

"ತಪ್ಪು ತಿಳೀಬ್ಯಾಡ್ರಿ ಹೊಳಿಯಮ್ಮಾರ. ನಿಮ್ಮ ಅಡಿಗಿ ಬಗ್ಗೆ ಯಾರದೂ ತಕರಾರಿಲ್ಲ."

"ಮತ್ತ ಯಾತರ ಬಗ್ಗೆ ಐತ್ರಿ ಸರ?"

"ಕೆಮ್ಮಿನ ಬಗ್ಗೆ," ಎಂದ ಹಾಲೇಶ. "ಟಿಬಿ ಐತೇನೋ ಅಂತ ತಾಯಂದ್ರು ಕೇಳಾಕತ್ಯಾರ ಬೇ."

"ಟಿಬಿ ಇಲ್ಲ. ನನ್ನ ಸೊಸಿನ ಆಶಾ ಕಾರ್ಯಕರ್ತೆ ಅದಾಳ. ಆಕಿನ ಕಫ ಕೊಟ್ಟು ತಪಾಸ ಮಾಡಿಸ್ಯಾಳ. ಇದು ದಮ್ಮು. ದಮ್ಮು ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ."

"ಹಂಗಾರ ಔಷಧ ಮಾಡ್ಕೋರಿ," ಎಂದರು ವಿರುಪಾಕ್ಷಿ. "ನವೆಂಬರ್ ಹದಿನಾಲ್ಕು, ಮಕ್ಕಳ ದಿನಕ್ಕ ಸಮಿತಿ ಸಭಿ ಐತಿ. ಅಷ್ಟರಾಗ ಕೆಮ್ಮು ನಿಂತ್ರ ನಾನೇ ನಿಮ್ಮ ಪರ ಮಾತಾಡ್ತೀನಿ. ನಿಲ್ಲಲಿಲ್ಲ ಅಂದ್ರ ಬ್ಯಾರೆಯವ್ರನ್ನ ತಗೋಬೇಕಾಗ್ತದ."

ಹೊಳಿಯಮ್ಮ ಅಂದಿನ ಪಾತ್ರೆ ತೊಳೆದಿಟ್ಟಳು. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಳು. ಸಂಬಳದ ಮಾತಾದರೆ ಗದ್ದೆಗೆ ನಾಟಿ ಹಚ್ಚಲು ಹೋದರೂ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಆದರೆ ಊರಿನಲ್ಲಿ ಮೂವತ್ತರ ಒಳಗಿನವರೆಲ್ಲ ಅವಳ ಕೈಯಲ್ಲಿ ಉಂಡವರು. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಅದನ್ನು ಬಿಟ್ಟು ಬಾ ಎಂದರೆ ಎಲ್ಲಿಗೆ ಬರುವುದು?

* * *

ಸೊಸೆ ಸುಕನ್ಯಾ ಮರುದಿನವೇ ಗಂಗಾವತಿಯ ದವಾಖಾನೆಗೆ ಕರೆದುಕೊಂಡು ಹೋದಳು. ಅಂದು ಮಂಗಳವಾರ, ಜನ ಕಿಕ್ಕಿರಿದಿದ್ದರು. ಡಾಕ್ಟರಮ್ಮ ಎದೆಗೆ ಕೊಳವೆ ಹಚ್ಚಿ ಕೇಳಿ, ಊದಿಸಿ ನೋಡಿ, ಬಾಯಿಂದ ಔಷಧ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು. ಹೊರಗೆ ಕಂಪೌಂಡರ್ ಒಂದನ್ನು ಮುಚ್ಚಳ ತೆಗೆಯದೆಯೇ ತನ್ನ ಬಾಯಿಯ ಹತ್ತಿರ ಹಿಡಿದು, "ಹಿಂಗ ಬಾಯಿ ತೆಗಿ, ಹಿಂಗ ಒತ್ತು, ಎಳಕೋ. ಮುಂದಿನವ್ರು ಬರ್ರಿ," ಎಂದ.

ಮನೆಗೆ ಬಂದ ಮೇಲೆ ಸುಕನ್ಯಾ ಇಬ್ಬರು ಹಿರಿಯರನ್ನೂ ಕೂರಿಸಿಕೊಂಡು ತಿಳಿಸಿದಳು.

"ಈ ನೀಲಿದು ಅವಸರದ ಪಂಪು. ದಮ್ಮು ಎದ್ದಾಗ ಅಷ್ಟ ತಗೊಳ್ಳೋದು. ಈ ಕಂದುಬಣ್ಣದ್ದು ದಿನದ ಪಂಪು. ದಮ್ಮು ಇರ್ಲಿ ಬಿಡ್ಲಿ, ಮುಂಜಾನೆ ಎರಡು ಸರ್ತಿ, ಸಂಜಿಗೆ ಎರಡು ಸರ್ತಿ. ಇದು ದಮ್ಮು ಏಳಲಾರದಂಗ ತಡೀತೈತಿ. ತಗೊಂಡ ಕೂಡ್ಲೆ ಏನೂ ಗೊತ್ತಾಗಂಗಿಲ್ಲ, ಮೂರು ನಾಕು ವಾರ ಬೇಕು."

"ಪಂಪು ಹಿಡದವ್ರು ಉಳದಿಲ್ಲವ್ವಾ," ಎಂದ ಹುಲಿಗೆಪ್ಪ. "ಎಲ್ಲಾ ಔಷಧ ಮುಗಿದ ಮ್ಯಾಲೆ ಕೊಡೋದು ಅದು. ಒಮ್ಮೆ ಚಟ ಹತ್ತಿತಂದ್ರ ಬಿಡಂಗಿಲ್ಲ."

"ಮಾವ, ಚಟ ಹತ್ತೋದು ನಿಮ್ಮ ತಂಬಾಕಿಗೆ. ಇದಕ್ಕಲ್ಲ."

ಹುಲಿಗೆಪ್ಪ ತಂಬಾಕಿನ ಡಬ್ಬಿಯನ್ನು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿದ.

"ದಮ್ಮು ಇಲ್ಲದಾಗೂ ತಗೋ ಅಂದ್ರ ನಂಗೆಲ್ಲಿ ನೆಪ್ಪಿರ್ತೈತಿ?" ಎಂದಳು ಹೊಳಿಯಮ್ಮ.

ಸುಕನ್ಯಾ ಮನೆಮನೆ ತಿರುಗಿ ಊರಿಗೆಲ್ಲ ಬುದ್ಧಿ ಹೇಳುವವಳು. ಅವಳ ಹತ್ತಿರ ಎಲ್ಲದಕ್ಕೂ ಒಂದು ಉಪಾಯವಿರುತ್ತಿತ್ತು. ಅತ್ತೆ ಊಟ ಮರೆತಾಳು, ಜಳಕ ಮಾಡಿ ದೇವರಿಗೆ ಕೈಮುಗಿಯುವುದನ್ನು ಮರೆಯಳು. ಸಂಜೆ ದೀಪ ಹಚ್ಚುವುದನ್ನಂತೂ ಜ್ವರ ಬಂದರೂ ಬಿಟ್ಟವಳಲ್ಲ. ಸುಕನ್ಯಾ ದಿನದ ಪಂಪನ್ನು ಒಯ್ದು ದೇವರ ಜಗಲಿಯ ಮೇಲೆ, ಹುಲಿಗೆಮ್ಮನ ಪಟದ ಮುಂದೆ, ಭಂಡಾರದ ಬಟ್ಟಲಿನ ಪಕ್ಕಕ್ಕೆ ಇಟ್ಟಳು.

"ಇಲ್ಲಿಟ್ಟೀನಿ ನೋಡ್ರಿ ಅತ್ತಿ. ಕೈಮುಗುದ ಮ್ಯಾಲೆ ತಗೋರಿ. ಹೆಂಗ ಮರೀತೀರಿ ನೋಡೂಣು."

ಹೊಳಿಯಮ್ಮ ಜಗಲಿಯನ್ನೊಮ್ಮೆ, ಪಂಪನ್ನೊಮ್ಮೆ ನೋಡಿದಳು. ಏನೋ ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಸುಕನ್ಯಾ ಚೀಲ ಹೆಗಲಿಗೇರಿಸಿ ಹೊರಗೆ ಹೋಗಿಯಾಗಿತ್ತು. ಟಿಬಿ ಆಗಿದ್ದ ವಿರುಪಣ್ಣನಿಗೆ ಕಣ್ಣಮುಂದೆ ಗುಳಿಗೆ ನುಂಗಿಸಿ, ಬಾಯಿ ತೆಗೆಸಿ ನೋಡಿ ಬರುವ ಹೊತ್ತು ಅದು.

ನೀಲಿ ಪಂಪು ಹೊಳಿಯಮ್ಮನ ಎಲೆ ಅಡಿಕೆ ಚೀಲ ಸೇರಿತು.

* * *

ಮೂರು ವಾರವಾಯಿತು. ನಾಲ್ಕಾಯಿತು. ದಿನದ ಪಂಪಿನ ಹಿಂದೆ ಒಂದು ಚಿಕ್ಕ ಕಿಂಡಿ ಇತ್ತು, ಇನ್ನೆಷ್ಟು ಸಲದ ಔಷಧ ಉಳಿದಿದೆ ಎಂಬ ಅಂಕಿ ಅದರಲ್ಲಿ ಕಾಣುತ್ತಿತ್ತು. ಸುಕನ್ಯಾ ಕಸ ಹೊಡೆಯುವ ನೆಪದಲ್ಲಿ ದಿನವೂ ಬಗ್ಗಿ ನೋಡುತ್ತಿದ್ದಳು. ನೂರಿಪ್ಪತ್ತು ಇದ್ದದ್ದು ದಿನಕ್ಕೆ ನಾಲ್ಕರಂತೆ ಇಳಿಯಿತು. ಒಂದು ದಿನವೂ ತಪ್ಪಲಿಲ್ಲ. ಮೊದಲನೆಯದು ಮುಗಿದು ಎರಡನೆಯದು ಬಂತು. ಆದರೆ ಕೆಮ್ಮು ಎಲ್ಲಿತ್ತೋ ಅಲ್ಲಿಯೇ ಇತ್ತು. ಹೊಳಿಯಮ್ಮ ದಿನಕ್ಕೆ ಐದಾರು ಸಲ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದಳು.

"ಆ ನೀಲಿದು ಔಷಧ ಅಂದ್ರ ಔಷಧ," ಎಂದು ನೆರೆಯವರ ಮುಂದೆ ಹೇಳುತ್ತಿದ್ದಳು. "ಎಳಕೊಂಡ ಕೂಡ್ಲೆ ಎದಿ ಹಗುರಾಗ್ತೈತಿ. ಇನ್ನೊಂದು ಐತಿ, ಬರೇ ಮೋಸ. ಸೊಸಿ ಹೇಳ್ಯಾಳ ಅಂತ ತಗೋತೀನಿ."

ದಸರಾ ರಜೆ ಮುಗಿಯುವ ಹೊತ್ತಿಗೆ ಕೆಳಗಿನ ಗದ್ದೆಗಳಲ್ಲಿ ಬೇಗ ಬಂದ ಭತ್ತದ ಕಟಾವು ಶುರುವಾಯಿತು. ಮಗ ರಾಮಾಂಜನೇಯ ಕಟಾವು ಮಷಿನ್ ಓಡಿಸುವವನು. ಸಂಜೆ ಮೈಯೆಲ್ಲ ಧೂಳು ಹೊತ್ತು ಮನೆಗೆ ಬಂದರೆ ಹುಬ್ಬು ಸಹ ಕಾಣುತ್ತಿರಲಿಲ್ಲ. ಅಂದು ಹಾಗೆಯೇ ಬಂದು, ಅಂಗಿಯನ್ನು ಪಡಸಾಲೆಯ ಗೂಟಕ್ಕೆ ಹಾಕಿ ಊಟಕ್ಕೆ ಕೂತ. ತಾಯಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿ, ನೀಲಿ ಪಂಪು ಎಳೆದುಕೊಂಡು ಗೋಡೆಗೆ ಒರಗಿದಳು.

ಸುಕನ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಎರಡು ದಿನದಿಂದ ಬಾಯಿಯಲ್ಲಿಟ್ಟುಕೊಂಡಿದ್ದ ಮಾತು ಹೊರಬಿತ್ತು.

"ಅತ್ತಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ದಿನದ ಪಂಪು ಖರೇನ ತಗೊಳ್ಳಾಕತ್ತೀರೇನು?"

"ಯಾಕ, ಅಂಕಿ ಎಣಸ್ತೀಯಲ್ಲ ದಿನಾ. ಇಳದಿಲ್ಲೇನು?"

"ಅಂಕಿ ಇಳಿಯಾಕತ್ತೈತಿ, ದಮ್ಮು ಇಳೀವಲ್ದು. ಅದಕ್ಕ ಕೇಳಿದೆ. ನನ್ನ ಕಾಟಕ್ಕ ಗಾಳಿಗೆ ಬಿಡಾಕತ್ತೀರೇನೋ ಅಂತ."

ಹೊಳಿಯಮ್ಮ ತಾಟು ಸರಿಸಿದಳು. ತಾಟು ಕಂಬಕ್ಕೆ ಬಡಿದು ಪಲ್ಯ ಚೆಲ್ಲಿತು.

"ಕೇಳಿದ್ಯಾ ರಾಮಾಂಜಿ, ನಿನ್ನ ಹೆಂಡ್ತಿ ಮಾತ? ಜಳಕ ಮಾಡಿ, ಹುಲಿಗೆಮ್ಮನ ಮುಂದ ನಿಂತು ತಗೋತೀನಿ ನಾನು. ಆಕಿ ಎದುರಿಗೆ ಸುಳ್ಳು ಮಾಡೋ ಹೆಂಗಸೇನು?"

"ನಾ ಎಲ್ಲಿ ಸುಳ್ಳು ಅಂದೆ..."

"ಕಳ್ಳಿ ಅಂದೆಲ್ಲ, ಮತ್ತೇನು ಅನ್ನೋದು ಉಳೀತು?"

ಹುಲಿಗೆಪ್ಪ ನಡುವೆ ಬಾಯಿ ಹಾಕಿದ. "ತಗೋತಾಳವ್ವಾ. ನಾನೇ ಕಣ್ಣಾರೆ ನೋಡ್ತೀನಿ, ಎರಡು ಹೊತ್ತೂ ತಗೋತಾಳ."

"ಔಷಧಾನ ಸರಿ ಇಲ್ಲೇನೋ," ಎಂದ ರಾಮಾಂಜನೇಯ, ಉಣ್ಣುವುದನ್ನು ನಿಲ್ಲಿಸದೆ.

"ನಿಮ್ಮ ಅಂಗಿ ಸರಿ ಇಲ್ಲ," ಎಂದು ಸುಕನ್ಯಾ ಗಂಡನ ಮೇಲೆ ತಿರುಗಿದಳು. "ಗದ್ದಿ ಧೂಳೆಲ್ಲಾ ತಂದು ನಡುಮನಿಗೆ ಹಾಕ್ತೀರಿ, ಮ್ಯಾಲೆ ಔಷಧಕ್ಕ ಹೆಸರಿಡ್ತೀರಿ."

ಅಂದಿನಿಂದ ಮಾತು ನಿಂತಿತು. ಅಷ್ಟೇ ಆಗಿದ್ದರೆ ನಾಲ್ಕು ದಿನದಲ್ಲಿ ತಾನೇ ಸರಿಹೋಗುತ್ತಿತ್ತು. ಆದರೆ ಹೊಳಿಯಮ್ಮನಿಗೆ ಛಲ ಬಂದಿತ್ತು. ಕಳ್ಳಿ ಎಂದವಳ ಕೈಯ ರೊಟ್ಟಿ ತನಗೆ ಬೇಡವೆಂದು ಹಿತ್ತಲಿನ ಹಳೆಯ ಕಟ್ಟಿಗೆ ಒಲೆಗೆ ಸಗಣಿ ಸಾರಿಸಿದಳು. ಮನೆಯೊಳಗೆ ಗ್ಯಾಸ್ ಒಲೆ ಇಟ್ಟುಕೊಂಡು, ಹೊರಗೆ ಹತ್ತಿಕಟ್ಟಿಗೆ ಊದುತ್ತಾ ತನ್ನ ಎರಡು ರೊಟ್ಟಿ ತಾನೇ ಸುಟ್ಟುಕೊಂಡಳು. ಹೊಗೆಯೆಲ್ಲ ಅವಳ ಎದೆಗೇ ಹೋಯಿತು.

"ಅತ್ತಿಗೆ ಹೇಳ್ರಿ, ಆ ಹೊಗಿ ವಿಷ ಅಂತ," ಎಂದಳು ಸುಕನ್ಯಾ ಗಂಡನಿಗೆ.

"ನೀನ ಹೇಳು."

"ನನ್ನ ಕೂಡ ಮಾತಾಡಂಗಿಲ್ಲಲ್ಲ."

"ನನ್ನ ಕೂಡನೂ ಮಾತಾಡಂಗಿಲ್ಲ, ನಿನ್ನ ಪರ ಇದೀನಂತ," ಎಂದ ರಾಮಾಂಜನೇಯ. ಅವನು ಯಾರ ಪರ ಇದ್ದಾನೆಂದು ಅವನಿಗೇ ಗೊತ್ತಿರಲಿಲ್ಲ.

* * *

ಶಾಲೆ ಶುರುವಾದ ಮೂರನೆಯ ದಿನ ಹೊಳಿಯಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದದ್ದೇ ತಡ, ಘಾಟು ಎದ್ದು ಎದೆ ಕಟ್ಟಿತು. ನೀಲಿ ಪಂಪು ಎಳೆದಳು. ಮತ್ತೆ ಎಳೆದಳು. ಈ ಸಲ ದಮ್ಮು ಅದಕ್ಕೂ ಬಗ್ಗಲಿಲ್ಲ. ಸೌಟು ಕೈಯಿಂದ ಜಾರಿತು. ಜೊತೆಗೆ ಕೆಲಸ ಮಾಡುವ ಪಾರಮ್ಮ ಒಲೆ ಆರಿಸಿ ಓಡಿ ವಿರುಪಾಕ್ಷಿ ಮಾಸ್ತರಿಗೆ ಹೇಳಿದಳು. ಮಾಸ್ತರ್ ಸುಕನ್ಯಾಳಿಗೆ ಫೋನು ಮಾಡಿದರು. ಒಂದು ವಾಕ್ಯ ಮುಗಿಸಲಾರದ ಅತ್ತೆಯನ್ನು ಆಟೋದಲ್ಲಿ ತೊಡೆಗೆ ಒರಗಿಸಿಕೊಂಡು ಸುಕನ್ಯಾ ಗಂಗಾವತಿ ಮುಟ್ಟಿದಳು. ದಾರಿಯುದ್ದಕ್ಕೂ ಅವಳ ಬಾಯಿಯಲ್ಲಿ ಒಂದೇ ಮಾತು: "ನಂದು ತಪ್ಪಾತ್ರಿ ಅತ್ತಿ, ಉಸಿರು ಬಿಡ್ರಿ, ಮೆಲ್ಲಕ ಬಿಡ್ರಿ."

ದವಾಖಾನೆಯಲ್ಲಿ ಮೂಗುಬಾಯಿಗೆ ಮುಸುಕು ಹಾಕಿ ಹೊಗೆಯಂಥ ಔಷಧ ಬಿಟ್ಟರು, ಚುಚ್ಚುಮದ್ದು ಕೊಟ್ಟರು. ಎರಡು ತಾಸಿನ ಮೇಲೆ ಹೊಳಿಯಮ್ಮ ಮಂಚದ ಮೇಲೆ ಎದ್ದು ಕೂತಳು. ಅಷ್ಟರಲ್ಲಿ ಹುಲಿಗೆಪ್ಪ ಜಗಲಿಯ ಮೇಲಿನ ಪಂಪನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿಗೆ ಬಂದಿದ್ದ. ಡಾಕ್ಟರಮ್ಮ ಅದರ ಕಿಂಡಿಯ ಅಂಕಿ ನೋಡಿದರು.

"ದಿನಾ ತಗೋತಾಳೇನು?"

"ಒಂದು ದಿನಾನೂ ತಪ್ಪಿಲ್ರಿ ಮೇಡಂ," ಎಂದಳು ಸುಕನ್ಯಾ. ಗೊತ್ತಿದ್ದದ್ದು ಅದೊಂದೇ.

"ಹಂಗಾರ ಇಷ್ಟು ಆಗಬಾರ್ದಿತ್ತು. ಯಮ್ಮಾ, ಹೆಂಗ ತಗೋತಿ, ನನ್ನ ಮುಂದ ಒಮ್ಮೆ ತಗೊಂಡು ತೋರ್ಸು."

ಹೊಳಿಯಮ್ಮ ಮಂಚದಿಂದ ಇಳಿದಳು. ನಳಕ್ಕೆ ಹೋಗಿ ಕೈ ತೊಳೆದಳು. ಪಂಪನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ಅಗಲಿಸಿ, ಚೊಂಬು ಎತ್ತಿ ನೀರು ಕುಡಿಯುವವರಂತೆ ಪಂಪನ್ನು ಬಾಯಿಗೆ ಒಂದು ಗೇಣು ಮೇಲೆ ಹಿಡಿದು, ಎರಡು ಸಲ ಒತ್ತಿದಳು. ಔಷಧ ಸಣ್ಣ ಮಂಜಿನಂತೆ ಹೊರಟು, ಮೇಲಿನ ಫ್ಯಾನಿನ ಗಾಳಿಗೆ ಸಿಕ್ಕಿ ಪಕ್ಕದ ಮಂಚದ ಕಡೆಗೆ ಹೋಯಿತು. ನಾಲಿಗೆಗೆ ತಾಗಿದಷ್ಟನ್ನು ನುಂಗಿ, ತೀರ್ಥ ತೆಗೆದುಕೊಂಡವರ ಹಾಗೆ ಅಂಗೈಯನ್ನು ತಲೆಗೆ ಸವರಿಕೊಂಡಳು.

ಸುಕನ್ಯಾ ಬಗ್ಗಿ ಪಂಪಿನ ಕಿಂಡಿ ನೋಡಿದಳು, ಅಂಕಿ ಎರಡು ಇಳಿದಿತ್ತು.

"ನೀಲಿದು ಹೆಂಗ ತಗೋತಿ?" ಎಂದು ಕೇಳಿದರು ಡಾಕ್ಟರಮ್ಮ.

ಹೊಳಿಯಮ್ಮ ಚೀಲದಿಂದ ಅದನ್ನು ತೆಗೆದು ತುಟಿಗಳಲ್ಲಿ ಬಿಗಿಹಿಡಿದು ತೋರಿಸಿದಳು.

"ಅದನ್ನ ಬಾಯಾಗ ಇಟ್ಕೋತಿ, ಸರಿ ಐತಿ. ಇದನ್ನ ಯಾಕ ಮ್ಯಾಲಿಂದ ಬಿಡ್ತಿ?"

"ಅದು ಎಲಿ ಅಡಿಕಿ ಚೀಲದಾಗ ಇರೋದ್ರಿ. ಇದು ಜಗಲಿ ಮ್ಯಾಲಿಂದು. ಬಾಯಾಗ ಇಟ್ಟು ಎಂಜಲಾ ಮಾಡಿ, ತಿರುಗಿ ಹುಲಿಗೆಮ್ಮನ ಮುಂದ ಹೆಂಗ ಇಡ್ಲಿರಿ?"

"ಔಷಧಾನ ಜಗಲಿ ಮ್ಯಾಲ ಇಡು ಅಂತ ಯಾರು ಹೇಳಿದ್ರು ನಿಂಗ?"

ಹೊಳಿಯಮ್ಮ ಸೆರಗಿನ ತುದಿ ನೋಡುತ್ತಾ ಸುಮ್ಮನೆ ನಿಂತಳು. ಡಾಕ್ಟರಮ್ಮ ಮತ್ತೊಮ್ಮೆ ಕೇಳಿದರು. ಆಗಲೂ ಸುಮ್ಮನೇ ಇದ್ದಳು.

"ನಾನ್ರಿ ಮೇಡಂ," ಎಂದಳು ಸುಕನ್ಯಾ. "ಮರೀತಾರಂತ ನಾನೇ ಇಟ್ಟಿದ್ದೆ."

"ನಾನೂ ದಿನಾ ನೋಡೀನ್ರಿ," ಎಂದ ಹುಲಿಗೆಪ್ಪ. "ತೀರ್ಥ ತಗೊಂಡಂಗ ತಗೋತಿದ್ಲು. ಹಂಗ ಇರ್ಬೇಕು ಅನ್ಕೊಂಡೆ."

ಡಾಕ್ಟರಮ್ಮ ಬಯ್ಯಲಿಲ್ಲ. ಖುರ್ಚಿ ಎಳೆದುಕೊಂಡು ಕೂತು, ಅರ್ಧ ತಾಸು ಕೊಟ್ಟರು. ಪಂಪನ್ನು ಅಲುಗಾಡಿಸಬೇಕು. ಉಸಿರು ಪೂರ್ತಿ ಹೊರಗೆ ಬಿಡಬೇಕು. ತುಟಿ ಬಿಗಿಹಿಡಿದು, ಮೆಲ್ಲಗೆ ಎಳೆಯುತ್ತಾ ಒತ್ತಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಏಳುತ್ತದೆ. ಹೊಳಿಯಮ್ಮ ನಾಲ್ಕು ಸಲ ತಪ್ಪಿ ಐದನೆಯ ಸಲ ಸರಿಮಾಡಿದಳು.

"ಇಷ್ಟು ದಿನ ಔಷಧ ಹುಲಿಗೆಮ್ಮ ತಗೊಂಡಾಳ ಬಿಡ್ರಿ," ಎಂದಳು. "ಆಕಿ ಎದಿ ಛಲೋ ಆಗಿರ್ಬೇಕು."

ಡಾಕ್ಟರಮ್ಮ ನಕ್ಕುಬಿಟ್ಟರು. ಸುಕನ್ಯಾಳಿಗೆ ನಗು ಬರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕೇಳಿದಳು. "ನಾನು ಇಟ್ಟಿದ್ದಂತ ನೀವ್ಯಾಕ ಹೇಳಲಿಲ್ರಿ ಅತ್ತಿ?"

"ಅಷ್ಟು ಮಂದಿ ಮುಂದ? ನೀ ನಾಳೆ ಅದೇ ದವಾಖಾನಿಗೆ ಪೇಷಂಟ್ ಕರಕೊಂಡು ಬರಬೇಕು." ಹೊಳಿಯಮ್ಮ ಕಿಟಕಿಯ ಕಡೆ ತಿರುಗಿದಳು. "ಆ ವಿರುಪಣ್ಣನ ಗುಳಿಗಿ ಬಾಯಿ ತೆಗಿಸಿ ನೋಡ್ತಿ. ನನ್ನದು ಒಂದಿನಾನೂ ನೋಡಲಿಲ್ಲ. ಬರೇ ಅಂಕಿ ನೋಡಿದಿ."

ಸುಕನ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

* * *

ಪಂಪು ಜಗಲಿಯಿಂದ ಇಳಿದು ಬಚ್ಚಲಿನ ಗೂಡಿಗೆ ಬಂತು, ಹಲ್ಲುಪುಡಿಯ ಡಬ್ಬಿಯ ಪಕ್ಕಕ್ಕೆ. ಅಲ್ಲಿ ಎಂಜಲಿನ ಮಾತಿಲ್ಲ, ಮುಕ್ಕಳಿಸಲು ನೀರೂ ಕೈಗೆಟುಕುತ್ತದೆ. ಬೆಳಿಗ್ಗೆ ಸಂಜೆ ಸುಕನ್ಯಾ ಬಚ್ಚಲ ಬಾಗಿಲಿಗೆ ನಿಂತು ಬೆರಳು ಮಡಚಿ ಹತ್ತು ಎಣಿಸುತ್ತಿದ್ದಳು. ಮೊದಲ ನಾಲ್ಕು ದಿನ ಹೊಳಿಯಮ್ಮನಿಗೆ ಸಿಟ್ಟು.

"ನಾನೇನು ಸಣ್ಣ ಹುಡುಗಿ ಏನು, ಕಾವಲು ನಿಲ್ಲಾಕ?"

"ನಿಂತೇ ನಿಲ್ತೀನ್ರಿ. ಒಮ್ಮೆ ನಿಲ್ಲಲಾರದ್ದಕ್ಕ ಹಿಂಗಾತು."

ಹಿತ್ತಲಿನ ಒಲೆಯನ್ನು ಹುಲಿಗೆಪ್ಪ ತಾನೇ ಕಿತ್ತು ತಿಪ್ಪೆಗೆ ಹಾಕಿದ. ರಾಮಾಂಜನೇಯ ಮಷಿನ್ನಿನ ಮೇಲಿಂದ ಬಂದವನು ಹೊರಗಿನ ನಳದಲ್ಲಿ ಮೈ ತೊಳೆದು, ಅಂಗಿ ದನದ ಕೊಟ್ಟಿಗೆಯಲ್ಲಿ ಬಿಟ್ಟು ಒಳಗೆ ಬರಬೇಕೆಂದು ಕಾಯಿದೆಯಾಯಿತು. ಒಂದು ದಿನ ಮರೆತು ಹೊಸ್ತಿಲು ದಾಟಿದ್ದಕ್ಕೆ ಸುಕನ್ಯಾ ಅವನನ್ನು ನಿಂತ ಕಾಲಲ್ಲೇ ಹೊರಗೆ ಅಟ್ಟಿದಳು.

ಶಾಲೆಯಲ್ಲಿ ಹೊಳಿಯಮ್ಮನ ಜಾಗಕ್ಕೆ ಪಾರಮ್ಮ ಮುಖ್ಯ ಅಡುಗೆಯವಳಾಗಿ ನಿಂತಿದ್ದಳು. ಸಭೆಯ ನಂತರ ಅದೇ ಕಾಯಂ ಆಗುತ್ತದೆಂದು ಊರಲ್ಲಿ ಮಾತು. ಪಾರಮ್ಮ ಕೆಟ್ಟವಳಲ್ಲ, ಆದರೆ ಅವಳ ಕೈಗೆ ಉಪ್ಪಿನ ಲೆಕ್ಕ ಹತ್ತುತ್ತಿರಲಿಲ್ಲ. ಅದೇ ಶಾಲೆಯ ನಾಲ್ಕನೆಯ ತರಗತಿಯಲ್ಲಿದ್ದ ಮೊಮ್ಮಗಳು ವಿಜಯಲಕ್ಷ್ಮಿ ದಿನವೂ ಸುದ್ದಿ ತರುತ್ತಿದ್ದಳು.

"ಆಯಿ, ಇವತ್ತು ಸಾರು ಉಪ್ಪು. ನಿನ್ನೆ ಸಪ್ಪಗ."

"ಸುಮ್ನ ಉಣ್ಣು. ಅನ್ನಕ್ಕ ಹೆಸರಿಡಬಾರ್ದು," ಎನ್ನುತ್ತಿದ್ದಳು ಹೊಳಿಯಮ್ಮ. ಒಳಗೊಳಗೆ ಖುಷಿಯಾಗುತ್ತಿತ್ತು, ಆ ಖುಷಿಗೆ ನಾಚಿಕೆಯೂ ಆಗುತ್ತಿತ್ತು.

ಎರಡನೆಯ ವಾರ ಅವಳು ಗೋಡೆಗೆ ಒರಗದೆ ಮಲಗಿದಳು. ಮೂರನೆಯ ವಾರ ಎಲೆ ಅಡಿಕೆ ಚೀಲಕ್ಕೆ ಕೈ ಹೋದದ್ದು ಬರೀ ಎಲೆ ಅಡಿಕೆಗೆ. ನಾಲ್ಕನೆಯ ವಾರ, ಊರ ಸುತ್ತ ಮಷಿನ್ನುಗಳು ಭರದಿಂದ ಓಡಿ ಗಾಳಿಯಲ್ಲೆಲ್ಲ ಭತ್ತದ ಧೂಳು ತುಂಬಿದ್ದಾಗ, ಮೂಗಿಗೆ ವಸ್ತ್ರ ಕಟ್ಟಿಕೊಂಡು ಕಾಲುವೆಯ ದಂಡೆಯವರೆಗೆ ನಡೆದು ಹೋಗಿ ಬಂದಳು. ಉಬ್ಬಸ ಬರಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು.

* * *

ಮಕ್ಕಳ ದಿನದಂದು ಶಾಲೆಯಲ್ಲಿ ಗೋಧಿ ಹುಗ್ಗಿ, ಅನ್ನ, ಸಾರು. ಊಟವಾದ ಮೇಲೆ ಸಭೆ. ಹೊಳಿಯಮ್ಮ ಹತ್ತು ಗಂಟೆಗೇ ಹೋಗಿ ವಿರುಪಾಕ್ಷಿ ಮಾಸ್ತರ ಮುಂದೆ ನಿಂತಳು.

"ಸಭಿ ಕಡೀಗೆ ಮಾಡ್ಕೋರಿ ಸರ. ಇವತ್ತಿನ ಅಡಿಗಿ ನಾ ಮಾಡ್ತೀನಿ."

ಮಾಸ್ತರ್ ಹಾಲೇಶನ ಮುಖ ನೋಡಿದರು. ಹಾಲೇಶ ಮೀಸೆ ತಿರುವಿದ. "ಆಗ್ಲಿ. ಆದ್ರ ಒಗ್ಗರಣಿ ನನ್ನ ಮುಂದ ಹಾಕ್ಬೇಕು. ಕೆಮ್ಮು ಬಂತಂದ್ರ ಸಭಿನ ಬ್ಯಾಡ, ಅಲ್ಲಿಗೇ ಮುಗೀತು. ಒಪ್ಪಿಗೆನಾ?"

"ಒಪ್ಪಿಗೆ."

ಹುಗ್ಗಿ ಇಳಿಯಿತು, ಅನ್ನ ಬಸಿದಾಯಿತು. ನೂರ ಅರವತ್ತು ಮಕ್ಕಳ ಸಾರಿಗೆ ಒಗ್ಗರಣೆಯೆಂದರೆ ಸಣ್ಣದಲ್ಲ. ಹೊಳಿಯಮ್ಮ ಎರಡೂ ಕಿಟಕಿ ತೆಗೆಸಿ, ಒದ್ದೆ ವಸ್ತ್ರ ಮೂಗಿಗೆ ಕಟ್ಟಿಕೊಂಡಳು. ಹಾಲೇಶ ಬಾಗಿಲಿಗೆ ಅಡ್ಡ ನಿಂತ. ಕಾದ ಎಣ್ಣೆಗೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಬಿದ್ದವು. ಕೊನೆಗೆ ಎರಡು ಹಿಡಿ ಒಣಮೆಣಸಿನಕಾಯಿ.

ಘಾಟು ಎದ್ದಿತು. ಪಾರಮ್ಮ ಸೆರಗು ಮುಚ್ಚಿಕೊಂಡು ಕೆಮ್ಮಿದಳು. ಬಾಗಿಲಲ್ಲಿದ್ದ ಹಾಲೇಶ ಒಮ್ಮೆ ಕೆಮ್ಮಿದ, ಎರಡು ಸಲ ಕೆಮ್ಮಿದ, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಅಂಗಳಕ್ಕೆ ಓಡಿದ. ಹೊಳಿಯಮ್ಮ ಮೆಣಸಿನಕಾಯಿ ಕಪ್ಪಾಗದಂತೆ ಎರಡು ಸುತ್ತು ತಿರುವಿ, ಒಗ್ಗರಣೆಯನ್ನು ಸಾರಿಗೆ ಸುರಿದು, ಮುಚ್ಚಳ ಮುಚ್ಚಿದಳು. ವಸ್ತ್ರ ಬಿಚ್ಚಿ ಬಾಗಿಲಿಗೆ ಬಂದಳು.

"ಯಾಕೋ ಹಾಲೇಶ, ಭಾಳ ಕೆಮ್ಮಾಕತ್ತಿ? ಒಮ್ಮೆ ದವಾಖಾನಿಗೆ ತೋರಿಸ್ಕೋಪಾ. ತಾಯಂದ್ರು ಏನರ ಅಂದಾರು."

ವಿರುಪಾಕ್ಷಿ ಮಾಸ್ತರ್ ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕರು.

"ಸಭಿ ಮುಗೀತ್ರಿ ಸರ," ಎಂದ ಹಾಲೇಶ, ಇನ್ನೂ ಕಣ್ಣೊರೆಸುತ್ತಾ. "ಉಣ್ಣಾಕ ಹಾಕಿಸ್ರಿ."

ಆ ಹೊತ್ತಿಗೆ ಸುಕನ್ಯಾ ವಿರುಪಣ್ಣನ ಕಟ್ಟೆಯ ಮೇಲೆ ಕೂತು ತಿಂಗಳ ವರದಿ ತುಂಬುತ್ತಿದ್ದಳು. ಅತ್ತೆ ಬೆಳಿಗ್ಗೆ ಹೇಳದೆ ಶಾಲೆಗೆ ಹೋಗಿದ್ದು ಗೊತ್ತಾಗಿ, ಹೋಗಿ ನೋಡಲು ಧೈರ್ಯ ಸಾಲದೆ ಇಲ್ಲಿಗೆ ಬಂದಿದ್ದಳು. ವರದಿಯಲ್ಲಿ ಒಂದೇ ಸಾಲನ್ನು ಮೂರು ಸಲ ಹೊಡೆದು ಬರೆದಿದ್ದಳು. ಆಗ ಆಚೆ ಓಣಿಯಿಂದ ಬಂತು:

"ಉಣ್ಣಾಕ ಬರ್ರ್ಯೋ!"

ವಿರುಪಣ್ಣ ತಲೆ ಎತ್ತಿದ. "ಹೊಳಿಯಕ್ಕ ಕೂಗಿದಂಗಾತಲ್ಲ?"

ಸುಕನ್ಯಾ ವರದಿಯ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಪರರ ಕಟ್ಟೆಯೆಂಬುದನ್ನೂ ಮರೆತು ಗಳಗಳ ಅತ್ತಳು.

ಸಂಜೆ ಹುಲಿಗೆಪ್ಪ ಒಳ್ಳೆಯ ಹುರುಪಿನಲ್ಲಿದ್ದ. ಮಧ್ಯಾಹ್ನ ಆ ಕೂಗು ಕೇಳಿ, ಕೆಲಸ ಬಿಟ್ಟು ಎರಡು ವರ್ಷವಾದರೂ ಅಭ್ಯಾಸ ಬಿಡದೆ ಕೂರುವ ತೂಬಿನ ಹತ್ತಿರದಿಂದ ಓಡುವವನ ಹಾಗೆ ಬಂದಿದ್ದ.

"ಇನ್ನ ಆರಾಮ ಆತಲ್ಲ, ಬಿಟ್ಟುಬಿಡು ಆ ಪಂಪು," ಎಂದ ಹೆಂಡತಿಗೆ.

"ನೀ ಮೂವತ್ತು ವರ್ಷ ಕಾಲುವಿ ಕಾದಿ. ಒಡ್ಡು ಗಟ್ಟಿ ಐತಂತ ಮಣ್ಣು ಹಾಕೋದು ಬಿಟ್ಟಿದ್ದೇನು?"

"ಬಿಟ್ರ ಒಡೀತದ."

"ಮತ್ತ?"

ಹುಲಿಗೆಪ್ಪ ತಂಬಾಕಿನ ಡಬ್ಬಿ ಹುಡುಕತೊಡಗಿದ. ಹೊಳಿಯಮ್ಮ ಜಗಲಿಗೆ ದೀಪ ಹಚ್ಚಿ ಕೈಮುಗಿದು, ಬಚ್ಚಲಿಗೆ ಹೋದಳು. ಗೂಡಿನಿಂದ ಪಂಪು ತೆಗೆದುಕೊಂಡು ಹಿಂದಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಸುಕನ್ಯಾ!"

"ಏನ್ರಿ ಅತ್ತಿ?" ಒಲೆಯ ಮುಂದಿನಿಂದಲೇ ದನಿ ಬಂತು.

"ಬಾ ಇಲ್ಲಿ. ನಿಂದ್ರು."

ಸುಕನ್ಯಾ ಹಿಟ್ಟಿನ ಕೈಯಲ್ಲೇ ಬಂದಳು. "ಈಗ ನಿಮ್ಗ ಸರಿಯಾಗಿ ಬರ್ತೈತಲ್ರಿ. ತಿಂಗಳಾತು, ಒಂದು ಸರ್ತಿನೂ ತಪ್ಪಿಲ್ಲ."

"ಬರ್ತೈತಿ," ಎಂದಳು ಹೊಳಿಯಮ್ಮ, ಪಂಪು ಅಲುಗಾಡಿಸುತ್ತಾ. "ಆದ್ರೂ ನಿಂದ್ರು."

ಸುಕನ್ಯಾ ಬಾಗಿಲಿಗೆ ಒರಗಿ ನಿಂತಳು. ಹೊಳಿಯಮ್ಮ ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು, ಮೆಲ್ಲಗೆ ಎಳೆದುಕೊಂಡಳು. ಸೊಸೆ ಹಿಟ್ಟು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಹತ್ತರವರೆಗೆ ಎಣಿಸಿದಳು. ಹತ್ತಾದ ಮೇಲೆ ಇಬ್ಬರೂ ಉಸಿರು ಬಿಟ್ಟರು.